ಒಂದೇ ಒಂದು ಪೇಡೆ ತಿನ್ನಲು ಬಾರದ ಸರ್

ಸರ್ ಹೆಸರು ಬರೆಯುವಂತಿಲ್ಲ. ಬರೆದರೆ ಡೊಂಬಿವಲಿಯ ಮಿಠಾಯಿ ಅಂಗಡಿಯವರೆಲ್ಲ "ನಮ್ಮ ಗಿರಾಕಿ ಇಲ್ಲಿದ್ದಾರಲ್ಲ" ಎಂದು ಮೆರವಣಿಗೆಯಲ್ಲಿ ಬಂದು ತಮ್ಮನ್ನು ಹೊತ್ತುಕೊಂಡು ಹೋಗುತ್ತಾರೆ ಎಂದು ಅವರಿಗೆ ಭಯ. ಇದು ಅವರೇ ಹೇಳಿದ ಮಾತು. ನನಗೆ ಸ್ವಲ್ಪ ಜಾಸ್ತಿ ಸೇರಿಸಿ ಹೇಳುವ ಅಭ್ಯಾಸ ಉಂಟು, ಆದರೆ ಇದರಲ್ಲಿ ನಾನು ಸೇರಿಸಿದ್ದು ಮೆರವಣಿಗೆ ಮಾತ್ರ.

ಸಂಘದ ವಾರ್ಷಿಕ ಸಂಚಿಕೆಗೆ ಒಬ್ಬ ಗುರುಗಳ ಬಗ್ಗೆ ಬರೆಯಲು ಹೇಳಿದ್ದು ನನ್ನ ಅಜ್ಜಿ. ಉಡುಪಿ ಕಡೆಯಿಂದ ಮದುವೆಯಾಗಿ ಠಾಕುರ್ಲಿಗೆ ಬಂದವಳು, ಈಗ ಕನ್ನಡ ಸಂಘದಲ್ಲಿ ಊಟದ ವಿಭಾಗದ ಸರ್ವಾಧಿಕಾರಿ. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನು ಹಿಂದಿಯಲ್ಲಿ ಉತ್ತರ ಕೊಡುತ್ತೇನೆ ಎಂಬ ಅಪರಾಧಕ್ಕೆ ಇದು ಶಿಕ್ಷೆ. ಶಿಕ್ಷೆಯಾದರೂ ಚಿಂತೆಯಿಲ್ಲ. ಕಳೆದ ವರ್ಷ ಸರ್ ಕ್ಲಾಸ್ ಬಿಟ್ಟು ದೂರದ ಕಾಮೋಠೆಗೆ ಹೋದ ಮೇಲೆ ನಮ್ಮ ಬ್ಯಾಚಿಗೆ ಬಯಾಲಜಿ ಕಲಿಸುವವರು ಸಿಕ್ಕಿದ್ದಾರೆ, ನಗಿಸುವವರು ಸಿಕ್ಕಿಲ್ಲ.

ಸರ್ ಪಾಠ ಮಾಡುತ್ತಿದ್ದದ್ದು ಠಾಕುರ್ಲಿ ಸ್ಟೇಷನ್ನಿನಿಂದ ಆಚೆ, ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಬೇಸಿಗೆಯಲ್ಲಿ ಆ ರಬ್ಬರ್ ವಾಸನೆಗೆ ನಾವು ತಲೆ ಹಿಡಿದುಕೊಂಡು ಕೂರುತ್ತಿದ್ದೆವು. ಸರ್ ಮಾತ್ರ ಕಿಟಕಿ ತೆರೆದು ಮಲ್ಲಿಗೆಯ ತೋಟದಲ್ಲಿ ನಿಂತವರ ಹಾಗೆ ಉಸಿರೆಳೆಯುತ್ತಿದ್ದರು. ಇದಕ್ಕೆ ಮೊದಲು ಅವರ ಕ್ಲಾಸ್ ಇದ್ದದ್ದು ಒಂದು ಫರಸಾಣ್ ಅಂಗಡಿಯ ಮೇಲೆ. ಏಸಿ ಇತ್ತು, ಲಿಫ್ಟ್ ಇತ್ತು, ಸಂಜೆ ಆದರೆ ಕೆಳಗಿನಿಂದ ಸೇವು, ಕಚೋರಿ, ಜಿಲೇಬಿಯ ವಾಸನೆ ಮೆಟ್ಟಿಲು ಹತ್ತಿ ಮೊದಲ ಬೆಂಚಿಗೆ ಬಂದು ಕೂರುತ್ತಿತ್ತು. ಬಯಾಲಜಿಯ ನಡುವೆ ಸರ್ "ಈಗ ಬಂದೆ" ಎಂದು ಕೆಳಗಿಳಿಯುತ್ತಿದ್ದರಂತೆ. ಆ ಬ್ಯಾಚಿನವರಿಗೆ ಹೃದಯದ ಎಡಭಾಗ ಮಾತ್ರ ಗೊತ್ತು, ಬಲಭಾಗದ ಹೊತ್ತಿಗೆ ಸರ್ ಯಾವತ್ತೂ ಕೆಳಗಿರುತ್ತಿದ್ದರು ಎಂದು ನಮ್ಮಲ್ಲೊಂದು ಐತಿಹ್ಯ.

ತಮ್ಮ ತಿನ್ನುವ ಕತೆಗಳನ್ನು ಸರ್ ತಾವೇ ಹೇಳುತ್ತಿದ್ದರು, ಅದೂ ಅಭಿನಯದ ಜೊತೆ. ಅದರಲ್ಲಿ ನನಗೆ ಇಷ್ಟವಾದದ್ದು ಪೇಡೆಯ ಕತೆ. ಅವರ ತಂಗಿಗೆ ಗಂಡು ಮಗು ಹುಟ್ಟಿತು. ಬಿಲ್ಡಿಂಗಿನವರಿಗೆಲ್ಲ ಹಂಚಲು ದಾದರಿನಲ್ಲಿ ಒಂದು ದೊಡ್ಡ ಡಬ್ಬಿ ಪೇಡೆ ತೆಗೆದುಕೊಂಡು ರೈಲು ಹತ್ತಿದರು. ಪೇಡೆ ಚೆನ್ನಾಗಿದೆಯೋ ಇಲ್ಲವೋ ನೋಡಬೇಕಲ್ಲ, ಒಂದು ಬಾಯಿಗೆ ಹಾಕಿಕೊಂಡರು. ಘಾಟ್ಕೋಪರ್ ದಾಟುವಾಗ ಮೇಲಿನ ಪದರ ಖಾಲಿ. ಠಾಣೆ ಬರುವಾಗ ಡಬ್ಬಿಯಲ್ಲಿ ಬೆಳ್ಳಿ ಕಾಗದ ಮಾತ್ರ. ಮರ್ಯಾದೆಯ ಪ್ರಶ್ನೆ ಎಂದು ಠಾಣೆಯಲ್ಲಿ ಇಳಿದು ಇನ್ನೊಂದು ಡಬ್ಬಿ ಕೊಂಡರು. ಅದು ದಿವಾ ದಾಟಲಿಲ್ಲ. ಡೊಂಬಿವಲಿಯಲ್ಲಿ ಮೂರನೆಯದು. ಅದು ರಿಕ್ಷಾದಲ್ಲೇ ಮುಗಿಯಿತು. ಕಡೆಗೆ ಬಿಲ್ಡಿಂಗಿನವರಿಗೆ ಹಂಚಿದ್ದು ಬಾಳೆಹಣ್ಣು.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಸರ್ ಚಾಕ್ ಕೆಳಗಿಟ್ಟರು. ನಗುವುದಾದರೆ ನಗಿ, ಆದರೆ ಒಂದು ವಿಷಯ ಬರೆದುಕೊಳ್ಳಿ ಎಂದರು.

"ಎರಡನೇ ಡಬ್ಬಿಯಿಂದ ಮೇಲೆ ರುಚಿಯೇ ಇರ್ಲಿಲ್ಲ ಮಾರಾಯ್ರೆ. ಮರದ ಹೊಟ್ಟು ತಿಂದ ಹಾಗೆ. ಆದ್ರೂ ಕೈ ನಿಲ್ಲಲಿಲ್ಲ. ರುಚಿ ಇಲ್ಲದ ಮೇಲೆ ಯಾಕೆ ತಿಂದೆ?"

ಅದೇ ಆ ದಿನದ ಪಾಠ. ನರಮಂಡಲದ ಚಾಪ್ಟರ್. ಸರ್ ಬೋರ್ಡಿನ ಮೇಲೆ ಮೆದುಳು ಬರೆಯುವ ಬದಲು ಡೊಂಬಿವಲಿ ಸ್ಟೇಷನ್ ಬರೆದರು. ಪ್ಲಾಟ್‌ಫಾರ್ಮ್, ಮೇಲೆ ಇಂಡಿಕೇಟರ್. ಇಂಡಿಕೇಟರಿನಲ್ಲಿ ಫಾಸ್ಟ್ ಗಾಡಿ ಎಂದು ಬಂದ ಕೂಡಲೇ ಜನ ಏನು ಮಾಡುತ್ತಾರೆ ಎಂದು ಕೇಳಿದರು. ನಮಗೆ ಗೊತ್ತಿಲ್ಲವೇ. ಬ್ಯಾಗು ಬೆನ್ನಿನಿಂದ ಎದೆಗೆ ಬರುತ್ತದೆ, ಮೊಬೈಲು ಜೇಬಿಗೆ ಹೋಗುತ್ತದೆ, ಕಾಲು ಹಳದಿ ಗೆರೆಯ ಹತ್ತಿರ ಜಾರುತ್ತದೆ, ಎದೆ ಡಬಡಬ ಎನ್ನುತ್ತದೆ. ಗಾಡಿಯೇ ಇನ್ನೂ ಬಂದಿಲ್ಲ. ಬಂದ ಮೇಲೆ ಒಳಗೆ ಏನುಂಟು? ಒಬ್ಬರ ಮೊಣಕೈ ನಿಮ್ಮ ಪಕ್ಕೆಲುಬಿನಲ್ಲಿ, ಇನ್ನೊಬ್ಬರ ಟಿಫಿನ್ ನಿಮ್ಮ ತಲೆಯ ಮೇಲೆ. ಫಾಸ್ಟ್ ಗಾಡಿಯ ಒಳಗೆ ಸುಖವಾಗಿರುವ ಮನುಷ್ಯನನ್ನು ಯಾರಾದರೂ ನೋಡಿದ್ದೀರಾ ಎಂದು ಸರ್ ಕೇಳಿದರು. ಯಾರೂ ಕೈ ಎತ್ತಲಿಲ್ಲ.

ಡೋಪಮೀನ್ ಎಂದರೆ ಆ ಇಂಡಿಕೇಟರ್, ಗಾಡಿಯಲ್ಲ ಎಂದರು ಸರ್. ಜನ ಅದನ್ನು ಸುಖದ ರಸ ಎನ್ನುತ್ತಾರೆ, ಅದು ಹೆಚ್ಚಾಗಿ ಬೇಕು ಬೇಕು ಎನ್ನುವ ರಸ. ಮೊದಮೊದಲು ಸಿಹಿ ನಾಲಿಗೆಗೆ ತಾಗಿದಾಗ ಮೆದುಳಿನಲ್ಲಿ ಅದು ಚಿಮ್ಮುತ್ತದೆ. ಆಮೇಲೆ ಮೆದುಳು ಜಾಣವಾಗುತ್ತದೆ. ಅಂಗಡಿಯ ಬೋರ್ಡು ಕಂಡರೆ ಸಾಕು, ಆ ಗಲ್ಲಿಯ ತಿರುವು ಬಂದರೆ ಸಾಕು. ಇಷ್ಟ ಕಮ್ಮಿಯಾಗುತ್ತಾ ಹೋಗುತ್ತದೆ, ಬೇಕು ಮಾತ್ರ ಜಾಸ್ತಿಯಾಗುತ್ತಾ ಹೋಗುತ್ತದೆ. ಕುಡಿಯುವವರ ತಲೆಯಲ್ಲಿ ಬಾಟಲಿಯ ಮುಚ್ಚಳದ ಸದ್ದಿಗೆ ಯಾವ ಇಂಡಿಕೇಟರ್ ಹತ್ತುತ್ತದೋ, ಪೇಡೆ ಡಬ್ಬಿಯ ರಬ್ಬರ್ ಬ್ಯಾಂಡಿನ ಸದ್ದಿಗೆ ತಮ್ಮ ತಲೆಯಲ್ಲೂ ಹತ್ತುವುದು ಅದೇ ಎಂದರು, ಪ್ಲಾಟ್‌ಫಾರ್ಮ್ ಕೂಡ ಅದೇ. ಮತ್ತೆ ಮತ್ತೆ ಇದೇ ಗಲಾಟೆ ಆದರೆ ಆ ರಸವನ್ನು ಹಿಡಿಯುವ ಕೊಂಡಿಗಳೂ ಕಡಿಮೆಯಾಗುತ್ತವಂತೆ, ಆದ್ದರಿಂದ ಮೊದಲಿನಷ್ಟೇ ಸಮಾಧಾನಕ್ಕೆ ಮೊದಲಿಗಿಂತ ಜಾಸ್ತಿ ಬೇಕು. ಹಣೆಯ ಹಿಂದೆ ಒಬ್ಬ ಗಾರ್ಡ್ ಇದ್ದಾನೆ, ಕೆಂಪು ಬಾವುಟ ಹಿಡಿದು ಸಾಕು ಎನ್ನುವುದು ಅವನ ಡ್ಯೂಟಿ. ನಿದ್ದೆಗೆಟ್ಟ ದಿನ, ಬೇಜಾರಾದ ದಿನ ಅವನು ಬಾವುಟ ಮಡಚಿ ಮಲಗಿರುತ್ತಾನೆ. ಊಟವನ್ನೂ ಚಟ ಎಂದು ಕರೆಯಬಹುದೋ ಇಲ್ಲವೋ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳು ಇನ್ನೂ ಜಗಳಾಡುತ್ತಿದ್ದಾರೆ, ಅವರ ಜಗಳ ಮುಗಿಯುವವರೆಗೆ ನಾನು ಪೇಡೆ ಅಂಗಡಿಯ ಮುಂದೆ ಕಾಯುವ ಹಾಗಿಲ್ಲ ಎಂದು ಸರ್ ಪಾಠ ಮುಗಿಸಿದರು.

ನಂಬಿಕೆ ಬರದಿದ್ದರೆ ಪ್ರಯೋಗ ಮಾಡಿ ನೋಡಿ ಎಂದು ನನ್ನನ್ನೇ ಕರೆದರು. ಅವರು ಬೋರ್ಡಿನ ಕಡೆ ತಿರುಗಿ ನಿಂತರು, ನಾನು ಹಿಂದಿನಿಂದ ಜಡೆಯ ರಬ್ಬರ್ ಬ್ಯಾಂಡ್ ತೆಗೆದು ಟಿಫಿನ್ ಡಬ್ಬಿಗೆ ಪಟ್ ಎಂದು ಹೊಡೆದೆ. ಸರ್ ಗಂಟಲಿನಲ್ಲಿ ಗುಳುಕ್ ಎಂದು ಎಂಜಲು ಇಳಿದ ಸದ್ದು ಕೊನೆಯ ಬೆಂಚಿಗೆ ಕೇಳಿಸಿತು. ಕೆಳಗಿನ ಟೈರ್ ಅಂಗಡಿಗೂ ಕೇಳಿಸಿತು ಎಂದು ನಾನು ಹೇಳುತ್ತಾ ಬಂದಿದ್ದೇನೆ, ಇವತ್ತಿನವರೆಗೆ ಯಾರೂ ಇಲ್ಲ ಎಂದಿಲ್ಲ.

ಇಂಡಿಕೇಟರ್ ಹತ್ತದ ಹಾಗೆ ನೋಡಿಕೊಳ್ಳುವುದು ಅವರ ದಿನದ ದೊಡ್ಡ ಕೆಲಸ. ಸ್ಟೇಷನ್ನಿನಿಂದ ಕ್ಲಾಸಿಗೆ ನೆಟ್ಟಗೆ ಬಂದರೆ ವಡಾಪಾವ್, ದಾಬೇಲಿ, ಕುಲ್ಫಿ, ಮತ್ತೆ ವಡಾಪಾವ್. ಆದ್ದರಿಂದ ಸರ್ ಒಂದೂ ತಿಂಡಿ ಸಿಗದ ದಾರಿಯನ್ನು ಕಂಡುಹಿಡಿದಿದ್ದರು. ನಮ್ಮ ಊರಿನಲ್ಲಿ ಅಂಥ ದಾರಿ ಹುಡುಕುವುದು ಮಳೆಗಾಲದಲ್ಲಿ ಒಣ ಟವೆಲ್ ಹುಡುಕಿದ ಹಾಗೆ. ಗುಜರಿ, ಮಾರ್ಬಲ್, ಹಲ್ಲಿನ ಡಾಕ್ಟರು, ರೈಲ್ವೆ ಗೋಡೆ, ಮತ್ತೆ ಗುಜರಿ, ಕಡೆಗೆ ಟೈರ್. ಒಂದು ದಿನ ಆ ಗುಜರಿಯ ಪಕ್ಕ ಒಬ್ಬ ಪಾವ್‌ಭಾಜಿ ಗಾಡಿ ತಂದು ನಿಲ್ಲಿಸಿದ. ಸರ್ ಅವತ್ತು ಕ್ಲಾಸಿಗೆ ಬಂದದ್ದು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಜೈನ ಮುನಿಗಳ ಹಾಗೆ. ಅವರ ಹಿಂದೆ, ಮೈಗಾವಲಿನ ಹಾಗೆ, ಭೀಮಣ್ಣ.

ಭೀಮಣ್ಣನ ವಿಷಯ ಹೇಳದೆ ಸರ್ ವಿಷಯ ಪೂರ್ತಿಯಾಗುವುದಿಲ್ಲ. ಕಲಬುರಗಿ ಕಡೆಯವನು, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಾನೆ, ಈರುಳ್ಳಿ ಮೂಟೆ ಇಳಿಸುವ ಅವನ ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್. ಅವರಿಬ್ಬರ ಪರಿಚಯ ಆದದ್ದು ಠಾಕುರ್ಲಿ ಸ್ಟೇಷನ್ನಿನ ಕೊನೆಯ ಬೆಂಚಿನಲ್ಲಿ. ಪಾಠ ಮುಗಿಸಿ ಬಂದ ಸರ್ ಜನರ ಕಣ್ಣು ತಪ್ಪಿಸಿ, ಗೋಡೆಗೆ ಮುಖ ಮಾಡಿಕೊಂಡು, ಡಬ್ಬಿ ತೊಡೆಯ ಮೇಲಿಟ್ಟು ತಿನ್ನುತ್ತಿದ್ದರು. ಸಕ್ಕರೆ ಕಾಯಿಲೆ ಬಂದು ಡಾಕ್ಟರರು ಬೈದು ಕಳಿಸಿದ ವಾರ ಅದು. ಪಕ್ಕದಲ್ಲಿ ಕೂತಿದ್ದ ಭೀಮಣ್ಣ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೇಳಿದ ಮಾತನ್ನು ಸರ್ ನಮಗೆ ಅವನ ದನಿಯಲ್ಲೇ ಹೇಳಿ ತೋರಿಸುತ್ತಿದ್ದರು.

"ಗ್ವಾಡಿ ಕಡಿ ಮಾರಿ ಮಾಡಿ ತಿನ್ಲತ್ತೀರಲ್ಲ ಸರ. ನಾನೂ ಹಿಂಗೇ ಕುಡೀತಿದ್ದೆ."

ಸರ್ ಡಬ್ಬಿ ಮುಚ್ಚಿದರು. ಅಷ್ಟು ವರ್ಷ ಎಲ್ಲರೂ ಬಾಯಿ ಚಪಲ ಎಂದಿದ್ದರು, ಆಸೆಬುರುಕ ಎಂದಿದ್ದರು, ಮನಸ್ಸು ಗಟ್ಟಿ ಮಾಡಿ ಎಂದಿದ್ದರು. ನಾನೂ ಹಿಂಗೇ ಎಂದವನು ಅವನೊಬ್ಬನೇ. ಭೀಮಣ್ಣ ಆಗ ತಾನೇ ಕುಡಿತ ಬಿಟ್ಟಿದ್ದ. ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದಳು, ಒಂದು ಹನಿ ಮುಟ್ಟಿಲ್ಲ ಎಂದು ನಂಬಿಕೆ ಬಂದ ಮೇಲೆಯೇ ವಾಪಸ್ ಎಂದಿದ್ದಳು. ಆ ಬೆಂಚಿನ ಮೇಲೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಷರತ್ತು ಹಾಕಿದ್ದು ಭೀಮಣ್ಣ. ಸರ್ ಪೇಡೆ ತಿಂದ ದಿನ ತಾನು ಬಾಟಲಿ ಹಿಡಿಯುತ್ತೇನೆ, ತಾನು ಕುಡಿದ ದಿನ ಸರ್ ಪೇಡೆ ತಿನ್ನಬಹುದು. ತಮಾಷೆಗೆ ಹೇಳಿದ್ದಿರಬೇಕು ಎಂದು ಸರ್ ಅವನ ಮುಖ ನೋಡಿದರೆ ಅಲ್ಲಿ ತಮಾಷೆ ಇರಲಿಲ್ಲ.

ಅಲ್ಲಿಂದ ಅವರ ಪೇಡೆ ಅವರದಾಗಿ ಉಳಿಯಲಿಲ್ಲ. ಒಂದು ಪೇಡೆಯ ಆಚೆ ಭೀಮಣ್ಣನ ಬಾಟಲಿ, ಬಾಟಲಿಯ ಆಚೆ ಊರಿನ ಬಸ್ಸು, ಬಸ್ಸಿನಲ್ಲಿ ಆ ಹೆಂಡತಿ, ಆ ಹುಡುಗಿ. ಆಮೇಲೆ ಅವರಿಬ್ಬರೂ ಕಲ್ಯಾಣಕ್ಕೆ ವಾಪಸ್ ಬಂದರು. ಹುಡುಗಿಯನ್ನು ಶಾಲೆಗೆ ಸೇರಿಸಿದ ದಿನ ಭೀಮಣ್ಣ ಟೈರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದು ನಮಗೆಲ್ಲ ಪೇರಲೆ ಹಣ್ಣು ಹಂಚಿದ. ಪೇಡೆ ಯಾಕಿಲ್ಲ ಎಂದು ನಾವು ಯಾರೂ ಕೇಳಲಿಲ್ಲ.

ತನ್ನದು ಸುಲಭ, ಸರ್‌ದೇ ಕಷ್ಟ ಎಂದು ಭೀಮಣ್ಣನಿಗೆ ಕನಿಕರ. ಅವನು ಬಾಟಲಿಗೆ ಸೋಡಚೀಟಿ ಕೊಟ್ಟು ಪೂರ್ತಿ ಬಿಟ್ಟಾಗಿದೆ, ಇತ್ತ ಸರ್ ಸೋಡಚೀಟಿ ಕೊಟ್ಟವಳ ಜೊತೆಯಲ್ಲೇ ದಿನಾ ಅಡುಗೆಮನೆ ಹಂಚಿಕೊಳ್ಳಬೇಕು. ಊಟ ಬಿಡಲಾಗುವುದಿಲ್ಲವಲ್ಲ. ಅದರ ಮೇಲೆ ನನ್ನ ಅಜ್ಜಿಯಂಥವರು.

ನಮ್ಮ ಕರಾವಳಿಯವರ ಮನೆಯಲ್ಲಿ "ಬೇಡ" ಎಂಬ ಮಾತಿಗೆ ಅರ್ಥವೇ ಬೇರೆ. ಬೇಡ ಎಂದರೆ ಇನ್ನೊಂದು ಸಲ ಒತ್ತಾಯ ಮಾಡಿ ಎಂದು. ಬೇಡವೇ ಬೇಡ ಎಂದರೆ ಎರಡು ಹಾಕಿ ಎಂದು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಅಜ್ಜಿ ಬೆರಳಿನ ಸಂದಿಯಲ್ಲಿ ಬಡಿಸುತ್ತಾಳೆ. ಸರ್ ಒಮ್ಮೆ ನನ್ನ ಮಾರ್ಕಿನ ವಿಷಯ ಹೇಳಲು ಮನೆಗೆ ಬಂದಿದ್ದರು. ಮಾರ್ಕು ಕೇಳಿದ ದುಃಖದಲ್ಲೂ ಅಜ್ಜಿ ಬಾಳೆಹಣ್ಣಿನ ಬನ್ಸ್ ಕರಿದಳು, ಮೇಲೆ ಕಾಯಿ ಹೋಳಿಗೆ ತಂದಿಟ್ಟಳು. ಬೇಡ ಅಮ್ಮ ಎಂದರು ಸರ್. ಅಜ್ಜಿ ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದಳು.

"ಒಂದು ತಿಂದ್ರೆ ಏನಾಗ್ತದೆ ಸರ್?"

"ಒಂದು ತಿಂದ್ರೆ ಏನೂ ಆಗುದಿಲ್ಲ ಅಮ್ಮ. ನನಗೆ ಒಂದು ಅಂತ ಸಂಖ್ಯೆಯೇ ಇಲ್ಲ."

ಅಜ್ಜಿಗೆ ಅರ್ಥವಾಗಲಿಲ್ಲ. ಸರ್ ಹೋದ ಮೇಲೆ, ಬಯಾಲಜಿ ಮೇಷ್ಟ್ರು, ಲೆಕ್ಕ ಬರುವುದಿಲ್ಲ ಅಂತ ಕಾಣುತ್ತದೆ ಎಂದಳು.

ಹೀಗಿರುವಾಗ ಸಂಘಕ್ಕೆ ಸರ್ ಊರು ಬಿಡುವ ಸುದ್ದಿ ಗೊತ್ತಾಗಿ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ನಮ್ಮ ಸಂಘದಲ್ಲಿ ಸನ್ಮಾನ ಆಗದೆ ಉಳಿದವರು ಕಡಿಮೆ. ನನ್ನ ಅಜ್ಜನಿಗೆ ಬೈಪಾಸ್ ಆಗಿ ಬದುಕಿದ್ದಕ್ಕೆ ಆಗಿದೆ. ಸನ್ಮಾನಕ್ಕೆ ಬೇಕಾದ ಶಾಲುಗಳನ್ನು ಹೋಲ್‌ಸೇಲಿನಲ್ಲಿ ತಂದುಕೊಟ್ಟವರಿಗೆ ಅದೇ ಶಾಲಿನಲ್ಲಿ ಒಂದು ಹೊದಿಸಿ ಆಗಿದೆ. ಆದರೆ ಸರ್ ಅವರದು ನಿಜವಾದ ಸನ್ಮಾನ. ಮಾನಪತ್ರದಲ್ಲಿ ವಿದ್ಯಾದಾನದ ಜೊತೆಗೆ "ಸಿಹಿಯನ್ನು ತ್ಯಜಿಸಿದ ಧೀರ" ಎಂದೂ ಬರೆಸಿದ್ದರು. ಅದನ್ನು ವೇದಿಕೆಯಲ್ಲಿ ಕನ್ನಡಕ ಹಾಕಿಕೊಂಡು, ಒತ್ತಿ ಒತ್ತಿ ಓದಿದವರು ಸಂಘದ ಅಧ್ಯಕ್ಷರು. ಘೋಡಬಂದರ್ ರಸ್ತೆಯಲ್ಲಿ ಹೋಟೆಲಿನವರು, ಒಳ್ಳೆಯ ಮನುಷ್ಯ.

ಓದಿ ಮುಗಿಸಿ ಶಾಲು ಹೊದಿಸಿದರು, ಹಾರ ಹಾಕಿದರು, ತಲೆಗೆ ಪೇಟ ಇಟ್ಟರು, ಬಲಗೈಗೆ ಹಣ್ಣಿನ ಬುಟ್ಟಿ, ಎಡಗೈಗೆ ಗಾಜಿನ ಸ್ಮರಣಿಕೆ ಕೊಟ್ಟರು. ಸರ್ ಈಗ ದಸರಾ ಗೊಂಬೆ. ಆಗ ಅಧ್ಯಕ್ಷರು ಕನ್ನಡಕ ತೆಗೆದು, ಪಕ್ಕದ ತಟ್ಟೆಯಿಂದ ತಮ್ಮ ಹೋಟೆಲಿನ ಸ್ಪೆಷಲ್ ಪೇಡೆ ಎತ್ತಿಕೊಂಡರು. ಗಾತ್ರದಲ್ಲಿ ಕ್ಯಾರಂ ಸ್ಟ್ರೈಕರಿಗೆ ಅಣ್ಣ. ನಮ್ಮ ಕಡೆ ಯಾವ ಸಂತೋಷವೂ ಬಾಯಿಗೆ ಪೇಡೆ ತುರುಕಿ ಫೋಟೋ ತೆಗೆಯದೆ ಮುಗಿಯುವುದಿಲ್ಲ. ಆ ಧೀರ ತ್ಯಜಿಸಿದ್ದು ಇದನ್ನೇ ಎಂದು ವೇದಿಕೆಯ ಮೇಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಸರ್ ಬೇಡ ಎಂದರು. ಅಧ್ಯಕ್ಷರೂ ಉಡುಪಿಯವರು. ಅವರಿಗೆ ಬೇಡ ಎಂದರೆ ಏನು ಕೇಳಿಸುತ್ತದೆ ಎಂದು ಆಗಲೇ ಹೇಳಿದ್ದೇನೆ. ಎಡಗೈಯನ್ನು ಸರ್ ಕತ್ತಿನ ಸುತ್ತ ಹಾಕಿ, ಎರಡನೇ ಬೇಡ ಹೇಳಲು ತೆರೆದ ಬಾಯಿಗೆ ಪೇಡೆ ಇಳಿಸಿದರು. ಫ್ಲಾಶ್ ಹೊಡೆಯಿತು. ಚಪ್ಪಾಳೆ.

ಸರ್ ಬಾಯಿ ಮುಚ್ಚಿತು. ಆಮೇಲೆ ಅಲುಗಲಿಲ್ಲ.

ನಾನು ಮೂರನೇ ಸಾಲಿನಲ್ಲಿದ್ದೆ. ಅವರ ಕೆನ್ನೆ ಉಬ್ಬಿತ್ತು, ಗಂಟಲು ನಿಂತಿತ್ತು. ಕೈಗಳೆರಡೂ ಬುಟ್ಟಿ ಮತ್ತು ಗಾಜಿನಲ್ಲಿ ಕೈದಿಗಳು. ಉಗುಳುವುದಕ್ಕೆ ಅದು ದೀಪ ಹಚ್ಚಿದ ವೇದಿಕೆ, ನುಂಗುವುದಕ್ಕೆ ಕೊನೆಯ ಸಾಲಿನಲ್ಲಿ ಭೀಮಣ್ಣ ಹೆಂಡತಿ ಮಗಳ ಜೊತೆ ಕೂತಿದ್ದ. ಅವರನ್ನು ಕರೆದದ್ದು ಸರ್ ಅವರೇ. ನಿರೂಪಕರು ಮೈಕಿನಲ್ಲಿ, ಸನ್ಮಾನಿತರು ಎರಡು ಮಾತಾಡಬೇಕು ಎಂದು ಕೇಳಿಕೊಂಡರು. ಸರ್ ಮೈಕಿನ ಮುಂದೆ ಬಂದು ನಿಂತರು.

ಪೇಡೆ ಕಲ್ಲಲ್ಲ, ನಿಮಿಷ ನಿಮಿಷಕ್ಕೂ ಕರಗುವ ವಸ್ತು. ಸರ್ ಕಣ್ಣಿನಲ್ಲಿ ನೀರು ತುಂಬಿತು. ಸಭೆ ಅದನ್ನು ಭಾವುಕತೆ ಎಂದುಕೊಂಡಿತು. ಮುಂದಿನ ಸಾಲಿನ ಹೆಂಗಸರು ಮೂಗು ಒರೆಸಿದರು. ಬಾಗಿಲಲ್ಲಿ ಹೋಳಿಗೆ ಪಾತ್ರೆ ಹಿಡಿದು ನಿಂತಿದ್ದ ಅಜ್ಜಿ, ಪಾಪ, ಎಷ್ಟು ಅಭಿಮಾನ ನೋಡು ಎಂದು ಸೆರಗಿಗೆ ಕಣ್ಣು ಒತ್ತಿಕೊಂಡಳು. ಆ ಹೊತ್ತಿಗೆ ಸರ್ ಒಳಗೆ ಏನಾಗುತ್ತಿತ್ತು ಎಂದು ಮರುದಿನ ಅವರೇ ಹೇಳಿದರು. ಇಂಡಿಕೇಟರ್ ಅಷ್ಟೇ ಅಲ್ಲ, ಗಾಡಿಯೇ ಬಂದು ನಿಂತಿತ್ತಂತೆ, ಸಂಜೆಯ ಕಲ್ಯಾಣ ಫಾಸ್ಟಿನ ಇಡೀ ಜನ ಅವರ ಗಂಟಲಿನಲ್ಲಿ ಇಳಿಯಲು ತಳ್ಳುತ್ತಿದ್ದರಂತೆ, ಹಣೆಯ ಹಿಂದಿನ ಗಾರ್ಡ್ ಎಲ್ಲಿ ಹೋಗಿದ್ದನೋ ಗೊತ್ತಿಲ್ಲವಂತೆ.

ಕೊನೆಯ ಸಾಲಿನಲ್ಲಿ ಭೀಮಣ್ಣ ಎದ್ದ. ಪ್ಲಾಸ್ಟಿಕ್ ಕುರ್ಚಿಗಳ ನಡುವೆ, ಮೂಟೆ ಹೊತ್ತಾಗ ನಡೆಯುವ ಹಾಗೆ ನೆಟ್ಟಗೆ ನಡೆದು ಬಂದ. ಟಾಯ್ಲೆಟ್ ಆ ಕಡೆ ಉಂಟು ಎಂದು ಯಾರೋ ಕೈ ತೋರಿಸಿದರು. ಅವನು ನೋಡಲಿಲ್ಲ. ವೇದಿಕೆ ಹತ್ತಿ, ಹೆಗಲ ಮೇಲಿನ ಟವೆಲ್ ತೆಗೆದು, ಎರಡು ಕೈಯಲ್ಲಿ ಬಿಡಿಸಿ ಸರ್ ಬಾಯಿಯ ಕೆಳಗೆ ಹಿಡಿದ. ದೇವಸ್ಥಾನದಲ್ಲಿ ಪ್ರಸಾದಕ್ಕೆ ಹಿಡಿಯುತ್ತಾರಲ್ಲ, ಹಾಗೆ.

ಸರ್ ತಲೆ ಬಗ್ಗಿಸಿದರು. ಪೇಟ ಜಾರಿತು. ಪೇಡೆ ಟವೆಲಿನಲ್ಲಿ ಬಿತ್ತು.

ಸರ್ ಮುಖ ಕೆಂಪಾಗಿತ್ತು. ಸಿಹಿ ನಾಲಿಗೆಗೆ ಅಂಟಿಬಿಟ್ಟಿತು ಭೀಮಣ್ಣ, ಎಂದು ಪಿಸುಗುಟ್ಟಿದರು. ಮೈಕ್ ಹತ್ತಿರವೇ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು. ಭೀಮಣ್ಣ ಟವೆಲ್ ಮಡಚಿಕೊಂಡ.

"ಬಾಯಾಗ ಹೋಗಿದ್ದು ಅವರ ಕೆಲ್ಸ ಸರ. ಗಂಟಲ್ದಾಗ ಇಳೀಲಿಲ್ಲ, ಅದು ನಿಮ್ಮ ಕೆಲ್ಸ."

ಸರ್ ಪಕ್ಕದ ಮೇಜಿನ ಮೇಲೆ ಬುಟ್ಟಿ, ಗಾಜು ಎರಡನ್ನೂ ಇಟ್ಟು, ಒಂದು ಲೋಟ ನೀರು ಕುಡಿದು, ಕೇಳಿದ್ದ ಎರಡು ಮಾತು ಆಡಿದರು. ಬೆಂಚಿನ ಕತೆ, ಗೋಡೆಯ ಕತೆ, ಒಪ್ಪಂದದ ಕತೆ. ಅಧ್ಯಕ್ಷರ ಮುಖ ಮೊದಲು ಪೇಡೆಯ ಬಣ್ಣಕ್ಕೆ, ಆಮೇಲೆ ಕುಂಕುಮದ ಬಣ್ಣಕ್ಕೆ ತಿರುಗಿತು. ಅವರು ತಟ್ಟೆ ಎತ್ತಿಕೊಂಡು ಹೋಗಿ ಪರದೆಯ ಹಿಂದೆ ಇಟ್ಟು ಬಂದರು. ಬಂದವರು, ಮಾನಪತ್ರ ನಾನೇ ಓದಿದೆ, ನನ್ನ ಕಿವಿಗೇ ಬೀಳಲಿಲ್ಲ ನೋಡಿ ಎಂದು ಎಲ್ಲರ ಮುಂದೆ ಜೋರಾಗಿ ನಕ್ಕರು. ಮೊದಲೇ ಹೇಳಿದೆನಲ್ಲ, ಒಳ್ಳೆಯ ಮನುಷ್ಯ. ಅಲ್ಲಿಗೆ ಸಭೆಯೂ ನಕ್ಕಿತು. ಭೀಮಣ್ಣನ ಮಗಳು ಮಾತ್ರ ಕುರ್ಚಿಯ ಮೇಲೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು, ತಾಯಿ ಅವಳನ್ನು ಕೂರಿಸಲೇ ಇಲ್ಲ.

ಆಮೇಲೆ ಊಟ. ಸರ್ ಮತ್ತು ಭೀಮಣ್ಣ ಅಕ್ಕಪಕ್ಕ ಎಲೆಯ ಮುಂದೆ ಕೂತರು. ಅಜ್ಜಿ ಹೋಳಿಗೆ ಪಾತ್ರೆ ಹಿಡಿದು ಪಂಕ್ತಿಯ ಆ ತುದಿಯಿಂದ ಹೊರಟಳು. ನನ್ನ ಅಜ್ಜಿ ಜೀವಮಾನದಲ್ಲಿ ಒಂದು ಎಲೆಯನ್ನೂ ದಾಟಿ ಹೋದವಳಲ್ಲ. ಬಡಿಸುತ್ತಾ ಬಡಿಸುತ್ತಾ ಸರ್ ಎಲೆಯ ಮುಂದೆ ಬಂದು ನಿಂತಳು. ಸರ್ ಕೈ ಅಡ್ಡ ಹಿಡಿಯಲು ಎತ್ತಿದರು. ಅಷ್ಟರಲ್ಲಿ ಅಜ್ಜಿ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದಳು. ಆ ಪಾಲಿನ ಹೋಳಿಗೆಯನ್ನೂ ಸೇರಿಸಿ ಭೀಮಣ್ಣನ ಎಲೆಗೆ ಹಾಕಿದಳು. ಭೀಮಣ್ಣ ಸಾಕು ಸಾಕು ಎಂದ. ಅವನ ಸಾಕಿಗೆ ಅಜ್ಜಿ ಹಳೆಯ ಅರ್ಥವನ್ನೇ ಇಟ್ಟುಕೊಂಡು ಮೇಲೆ ತುಪ್ಪ ಸುರಿದಳು. ಆದರೂ ಒಂದು ಎಲೆ ದಾಟಿದ ಸಂಕಟ ಕೈಗೆ ತಡೆಯಲಿಲ್ಲ ಅಂತ ಕಾಣುತ್ತದೆ, ವಾಪಸ್ ಬಂದು ಸರ್ ಎಲೆಗೆ ಬೀನ್ಸ್ ಪಲ್ಯದ ಒಂದು ಗುಡ್ಡ ಕಟ್ಟಿದಳು. ಶಾಲು, ಪೇಟ, ಗಾಜು ಎಲ್ಲ ಆಮೇಲೆ. ಅವತ್ತಿನ ಸನ್ಮಾನ ಇದೇ ಎಂದು ಸರ್ ಪಲ್ಯ ಮುಗಿಸುತ್ತಾ ಹೇಳಿದರು.

ಸರ್ ಈಗ ಕಾಮೋಠೆಯಲ್ಲಿದ್ದಾರೆ. ಅಲ್ಲಿ ಮನೆ ಹುಡುಕುವಾಗ ಏಜೆಂಟನಿಗೆ ಗಾಳಿ ಬೆಳಕು ಕೇಳಲಿಲ್ಲ, ಕೆಳಗೆ ಯಾವ ಅಂಗಡಿ ಎಂದಷ್ಟೇ ಕೇಳಿದರಂತೆ. ಹಾರ್ಡ್‌ವೇರ್ ಸಿಕ್ಕಿತು. ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಅಜ್ಜಿ ಹೋಳಿಗೆ ಡಬ್ಬಿ ಹಿಡಿದುಕೊಂಡು, ಹಾಕಲಾ ಎಂದು ಕೇಳಿದಳು. ಸರ್ ಬೇಡ ಎಂದರು. ಅಜ್ಜಿ ಮುಚ್ಚಳ ಹಾಕಿದಳು. ಅಷ್ಟೇ. ಕೆಲವು ಭೂಕಂಪಗಳಿಗೆ ಸದ್ದು ಇರುವುದಿಲ್ಲ.

ಆಗ ಸರ್ ಫೋನು ಒಂದೇ ಒಂದು ಸಲ ರಿಂಗಾಗಿ ನಿಂತಿತು. ಭೀಮಣ್ಣನ ಮಿಸ್ಡ್ ಕಾಲ್. ಇವತ್ತು ಮುಟ್ಟಿಲ್ಲ ಎಂದು ಅರ್ಥ. ದಿನಾ ಬರುತ್ತದೆ. ಸರ್ ತಿರುಗಿ ಒಂದು ಮಿಸ್ಡ್ ಕಾಲ್ ಕೊಟ್ಟರು. ಒಂದು ದಿನ ಬರದೇ ಇದ್ದರೆ ಎಂದು ನಾನು ಕೇಳಿದೆ, ಅದೂ ಕನ್ನಡದಲ್ಲಿ.

"ಕಲ್ಯಾಣಕ್ಕೆ ಹೋಗ್ತೇನೆ. ನೆಟ್ಟಗಿನ ದಾರಿಯಲ್ಲೇ ಹೋಗ್ತೇನೆ, ಪೇಡೆ ಅಂಗಡಿಯ ಮುಂದಿಂದಲೇ. ಸುತ್ತು ಹಾಕ್ಲಿಕ್ಕೆ ಆಗ ಪುರುಸೊತ್ತು ಇರುದಿಲ್ಲ" ಎಂದರು ಸರ್. ಆಮೇಲೆ ಫೋನು ಜೇಬಿಗೆ ಹಾಕಿ, ಇನ್ನು ಸ್ವಲ್ಪ ಸಾರು ಉಂಟಾ ಎಂದು ಅಜ್ಜಿಯ ಕಡೆ ಲೋಟ ಚಾಚಿದರು.